ಪಿಕಪ್ ಗಾಡಿಯ ಡೀಸೆಲ್ ಫಿಲ್ಟರು ಮತ್ತು ಆಯಿಲ್ ಫಿಲ್ಟರುಗಳ ಪಾಲನೆ

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಬಾಳೆ, ತರಕಾರಿ ಬೆಳೆಯುವ ಅನೇಕ ರೈತರು ಈಗ ಸ್ವಂತಕ್ಕೆ ಅಥವಾ ಪಾಲಿನಲ್ಲಿ ಒಂದು ಪಿಕಪ್ ಗಾಡಿ ಇಟ್ಟುಕೊಂಡಿರುತ್ತಾರೆ. ಬೆಳಗಿನ ಜಾವ ಮೈಸೂರಿನ ಬಂಡೀಪಾಳ್ಯ ಮಾರುಕಟ್ಟೆಗೆ, ಕೆಲವೊಮ್ಮೆ ಗುಂಡ್ಲುಪೇಟೆ ದಾಟಿ ವೈನಾಡಿನ ಕಡೆಗೆ ಮಾಲು ಸಾಗಿಸಬೇಕಾಗುತ್ತದೆ. ಬಂಡೀಪುರ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಗೇಟು ಬೀಳುವ ಮೊದಲು ದಾಟಲಾಗದಿದ್ದರೆ ಬಲಿತ ಬಾಳೆ ರಾತ್ರಿಯೆಲ್ಲ ಗಾಡಿಯಲ್ಲೇ ಕಾವು ಹಿಡಿದು ಕೂರುತ್ತದೆ. ಇಂಥ ಹೊತ್ತಿನಲ್ಲಿ ಏರು ಸಿಕ್ಕಿದೊಡನೆ ಗಾಡಿ ಎಳೆಯದೆ ಮುಕ್ಕರಿಯತೊಡಗಿದರೆ ಮೊದಲು ನೋಡಬೇಕಾದದ್ದು ಡೀಸೆಲ್ ಫಿಲ್ಟರನ್ನು.

ಬೇಸಾಯಶಾಸ್ತ್ರದವರಿಗೆ ಇಂಜಿನ್ನಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಫಿಲ್ಟರನ್ನು ಕಟ್ಟಿಸುವುದು ನಮ್ಮ ಹೊಲದ ಮಣ್ಣೇ. ಆ ಮಣ್ಣಿನ ಗುಣವನ್ನು ಅರಿತರೆ ಫಿಲ್ಟರಿನ ಕೆಲಸವೂ ಅರ್ಥವಾಗುತ್ತದೆ.

ಮಣ್ಣಿನ ಕಣ ಮತ್ತು ಇಂಜೆಕ್ಟರು

ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ, ಹಿಡಿ ಮಣ್ಣು ಹಾಕಿ ಕಲಕಿ ನೋಡಿ. ಮರಳು ಕ್ಷಣದಲ್ಲಿ ತಳ ಸೇರುತ್ತದೆ. ಅದಕ್ಕಿಂತ ನುಣುಪಾದ ರೇವೆ ನಿಧಾನವಾಗಿ ಇಳಿಯುತ್ತದೆ. ಜೇಡಿ ಮಾತ್ರ ದಿನಗಟ್ಟಲೆ ನೀರನ್ನು ಕದಡಿಸಿಕೊಂಡೇ ಇರುತ್ತದೆ. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವನ್ನು ಮೈಕ್ರಾನ್ ಎನ್ನುತ್ತಾರೆ. ಜೇಡಿಯ ಕಣ 2 ಮೈಕ್ರಾನಿಗಿಂತ ಚಿಕ್ಕದು, ರೇವೆ ಅದಕ್ಕಿಂತ ದೊಡ್ಡದು, ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್.

ಈಗಿನ ಪಿಕಪ್ಪುಗಳ ಇಂಜೆಕ್ಟರಿನೊಳಗೆ ಒಂದರೊಳಗೊಂದು ಜಾರುವ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ಕಣ್ಣಿಗೆ ಕಾಣದ ರೇವೆಯ ಕಣ ಈ ಸಂದಿನಲ್ಲಿ ಸಿಕ್ಕಿದರೆ ಉಪ್ಪುಕಾಗದದಂತೆ ಉಜ್ಜುತ್ತದೆ. ಹಳೆಯ ಪಂಪ್‌ಸೆಟ್ಟಿನಲ್ಲಿ, ಮೈಕೊ ಪಂಪು ಇದ್ದ ಹಳೆಯ ಟ್ರಾಕ್ಟರಿನಲ್ಲಿ ನಾಜಲ್ ತೆರೆಯುತ್ತಿದ್ದುದು ಸುಮಾರು 200 ಬಾರ್ ಒತ್ತಡಕ್ಕೆ. ಈಗಿನ ಕಾಮನ್ ರೈಲ್ ಇಂಜಿನ್ನುಗಳಲ್ಲಿ ಡೀಸೆಲ್ಲಿನ ಒತ್ತಡ 1600 ಬಾರ್‌ವರೆಗೂ ಏರುತ್ತದೆ. ಇದು ಗಾಡಿಯ ಟೈರಿನಲ್ಲಿರುವ ಗಾಳಿಯ ಒತ್ತಡದ ಮುನ್ನೂರು ಪಟ್ಟಿಗಿಂತಲೂ ಹೆಚ್ಚು. ಆದ್ದರಿಂದ ಪಂಪ್‌ಸೆಟ್ಟು ಹತ್ತು ವರ್ಷ ಸಹಿಸಿದ ಡೀಸೆಲ್ಲನ್ನು ಹೊಸ ಪಿಕಪ್ಪು ಸಹಿಸಲಾರದು. ಫಿಲ್ಟರಿನ ಬೆಲೆ ನೂರುಗಳ ಲೆಕ್ಕ. ನಾಲ್ಕು ಇಂಜೆಕ್ಟರುಗಳ ಬೆಲೆ ಹತ್ತು ಸಾವಿರಗಳ ಲೆಕ್ಕ.

ಡ್ರಮ್ಮಿನಲ್ಲಿಯೇ ಅರ್ಧ ಕೆಲಸ

ತೋಟದ ಮನೆಯಲ್ಲಿ ಪಂಪ್‌ಸೆಟ್ಟಿಗೆ, ಟಿಲ್ಲರಿಗೆ ಎಂದು ಇಟ್ಟ ಡ್ರಮ್ಮಿನಿಂದಲೇ ಅವಸರಕ್ಕೆ ಪಿಕಪ್ಪಿಗೂ ಸುರಿಯುವುದು ವಾಡಿಕೆ. ಸಾಧ್ಯವಾದಷ್ಟು ಇದನ್ನು ಬಿಡುವುದು ಉತ್ತಮ. ಬಿಡಲಾಗದಿದ್ದಲ್ಲಿ ಡ್ರಮ್ಮಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು.

ಡೀಸೆಲ್ಲಿನಲ್ಲಿ ಕಣ ಇಳಿಯುವ ವೇಗವನ್ನು ಮಣ್ಣಿನ ಪರೀಕ್ಷೆಯಲ್ಲಿ ಬಳಸುವ ಸೂತ್ರದಿಂದಲೇ ಲೆಕ್ಕ ಹಾಕಬಹುದು. ಮೂರಡಿ ಎತ್ತರದ ಡ್ರಮ್ಮಿನಲ್ಲಿ 10 ಮೈಕ್ರಾನಿನ ಕಣ ಮೇಲಿನಿಂದ ತಳ ಸೇರಲು ಏಳೆಂಟು ಗಂಟೆ ಬೇಕು. 5 ಮೈಕ್ರಾನಿನ ಕಣಕ್ಕೆ ಒಂದು ದಿನ ಮೀರುತ್ತದೆ. 2 ಮೈಕ್ರಾನಿನದಕ್ಕೆ ಒಂದು ವಾರ. ಇದರಿಂದ ಎರಡು ಸಂಗತಿ ತಿಳಿಯುತ್ತವೆ. ತಂದ ಡ್ರಮ್ಮನ್ನು ಅಲುಗಿಸದೆ ಎರಡು ದಿನ ನಿಲ್ಲಿಸಿ, ತಳದ ನಾಲ್ಕು ಬೆರಳು ಡೀಸೆಲ್ಲನ್ನು ಮುಟ್ಟದೆ ಮೇಲಿನದನ್ನು ಮಾತ್ರ ತೆಗೆದರೆ ಹೆಚ್ಚಿನ ಮಣ್ಣು ಅಲ್ಲಿಯೇ ಉಳಿಯುತ್ತದೆ. ಆದರೆ ಅತಿ ನುಣುಪಾದದ್ದು ಉಳಿಯುವುದಿಲ್ಲ. ಅದಕ್ಕೆ ಫಿಲ್ಟರೇ ಆಗಬೇಕು. ಲಾಳಿಕೆಗೆ ಹಳೆ ಪಂಚೆ ಕಟ್ಟಿ ಸೋಸಿದರೆ ಕಸಕಡ್ಡಿ ನಿಲ್ಲುತ್ತದೆಯೇ ಹೊರತು ರೇವೆ ನಿಲ್ಲುವುದಿಲ್ಲ, ಮೇಲಾಗಿ ಬಟ್ಟೆಯ ಎಳೆಗಳೂ ಟ್ಯಾಂಕಿಗೆ ಬೀಳುತ್ತವೆ. ಇದೇ ಕಾರಣದಿಂದ ಬಂಕಿನಲ್ಲಿ ಟ್ಯಾಂಕರಿನಿಂದ ಇಳಿಸುತ್ತಿರುವಾಗ ಡೀಸೆಲ್ ಹಾಕಿಸಬೇಡಿ. ತಳದ ಕೆಸರು ಆಗ ಕದಡಿರುತ್ತದೆ.

ಇನ್ನು ನೀರು. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ಹನಿಗಟ್ಟಿ ಡೀಸೆಲ್ ಕೆಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ನೋಡಿದರೆ ಈ ದೂರು ಸ್ವಲ್ಪ ಅತಿಯಾಯಿತು ಎನಿಸುತ್ತದೆ. 30 ಲೀಟರು ಬೆಚ್ಚನೆಯ ತೇವದ ಗಾಳಿಯಲ್ಲಿ ಇರುವ ಒಟ್ಟು ನೀರು ಒಂದು ಗ್ರಾಮಿನಷ್ಟೂ ಇಲ್ಲ. ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ಅದು ಸೇರಿ ಸೇರಿ ತೊಂದರೆಯಾದೀತು, ದಿನಾ ಓಡುವ ಗಾಡಿಗೆ ಅಷ್ಟಿಲ್ಲ. ನಿಜವಾದ ಶತ್ರು ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಡ್ರಮ್ಮು. ಮಳೆ ಬಂದಾಗ ಅದರ ತಲೆಯ ಮೇಲೆ, ಅಂಚಿನೊಳಗೆ ನೀರು ನಿಲ್ಲುತ್ತದೆ. ಹಗಲು ಕಾದ ಡ್ರಮ್ಮು ಸಂಜೆ ತಣಿಯುವಾಗ ಒಳಗಿನ ಗಾಳಿ ಕುಗ್ಗಿ, ಬಿರಡೆಯ ಸಂದಿನಿಂದ ಆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬಿರಡೆ ಬಿಗಿಯಾಗಿದ್ದರೂ ಹೀಗಾಗುವುದುಂಟು. ಆದ್ದರಿಂದ ಡ್ರಮ್ಮನ್ನು ಸೂರಿನಡಿ ಇಡಬೇಕು. ಜಾಗವಿಲ್ಲದಿದ್ದರೆ ತುಂಬಿದ ಡ್ರಮ್ಮನ್ನು ಮರದ ತುಂಡುಗಳ ಮೇಲೆ ಅಡ್ಡ ಮಲಗಿಸಿ, ಎರಡೂ ಬಿರಡೆಗಳು ಅಕ್ಕಪಕ್ಕದಲ್ಲಿ ಒಂದೇ ಮಟ್ಟಕ್ಕೆ ಬರುವಂತೆ ನೋಡಿಕೊಳ್ಳಿ. ಆಗ ಒಳಗಿನಿಂದ ಡೀಸೆಲ್ಲೇ ಬಿರಡೆಯನ್ನು ಒತ್ತಿ ಹಿಡಿಯುತ್ತದೆ. ಸತುವು ಬಳಿದ ಡ್ರಮ್ಮಿನಲ್ಲಿ ಡೀಸೆಲ್ ಇಡಕೂಡದು. ಸತುವು ಕರಗಿ ಸಾಬೂನಿನಂಥ ಅಂಟು ಉಂಟಾಗಿ ಫಿಲ್ಟರು ಕಟ್ಟುತ್ತದೆ.

ಡೀಸೆಲ್ಲಿನ ಕೆಳಗೆ ನೀರು ನಿಂತರೆ ತುಕ್ಕಷ್ಟೇ ಅಲ್ಲ, ಬೂಷ್ಟೂ ಬೆಳೆಯುತ್ತದೆ. ಡೀಸೆಲ್ಲನ್ನೇ ತಿಂದು ಬದುಕುವ ಶಿಲೀಂಧ್ರಗಳಿವೆ ಎಂದರೆ ಆಶ್ಚರ್ಯವಾದೀತು. ನೀರು ಮತ್ತು ಡೀಸೆಲ್ ಕೂಡುವ ಪದರದಲ್ಲಿ ಅವು ಲೋಳೆಯಂತೆ ಹಬ್ಬುತ್ತವೆ. ಬಿಚ್ಚಿದ ಫಿಲ್ಟರಿನಲ್ಲಿ ಕಂದು ಲೋಳೆ ಕಂಡರೆ ಫಿಲ್ಟರನ್ನು ಮಾತ್ರ ಬದಲಿಸಿ ಪ್ರಯೋಜನವಿಲ್ಲ, ಟ್ಯಾಂಕನ್ನೇ ಇಳಿಸಿ ತೊಳೆಸಬೇಕು.

ಡೀಸೆಲ್ ಫಿಲ್ಟರಿನ ಪಾಲನೆ

ಫಿಲ್ಟರಿನ ತಳದಲ್ಲಿ ನೀರು ಬಿಡುವ ತಿರುಪು ಇರುತ್ತದೆ. ವಾರಕ್ಕೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ, ಬೆಳಿಗ್ಗೆ ಇಂಜಿನ್ ಶುರು ಮಾಡುವ ಮೊದಲೇ ಅದನ್ನು ಸಡಿಲಿಸಿ ಗಾಜಿನ ಲೋಟಕ್ಕೆ ಅರ್ಧ ಲೋಟದಷ್ಟು ಬಿಡಿ. ಡೀಸೆಲ್ ನೀರಿಗಿಂತ ಹಗುರ. ಐದು ನಿಮಿಷದಲ್ಲಿ ನೀರು ಲೋಟದ ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಕಂಡರೆ ಶುದ್ಧ ಡೀಸೆಲ್ ಬರುವವರೆಗೂ ಬಿಡಬೇಕು. ಹೊಸ ಗಾಡಿಗಳಲ್ಲಿ ನೀರು ತುಂಬಿದಾಗ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಆ ದೀಪ ಹತ್ತಿದ ಮೇಲೆ ಮಂಡಿಗೆ ಹೋಗಿ ಬಂದು ನೋಡೋಣ ಎನ್ನಕೂಡದು.

ಕಾಗದದ ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹೊಡೆದು ಮತ್ತೆ ಹಾಕುವವರಿದ್ದಾರೆ. ಗಾಳಿ ಹೊಡೆದಾಗ ಕಾಗದದಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಗಾಡಿ ಮತ್ತೆ ಚೆನ್ನಾಗಿ ಎಳೆಯುವುದು ನಿಜ. ಮಣ್ಣಿಗೂ ದಾರಿ ಬಿಟ್ಟುಕೊಟ್ಟಾಗಿರುತ್ತದೆ. ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ತುಂಬಿ ಕೂರಿಸುವ ಪದ್ಧತಿಯೂ ಸರಿಯಲ್ಲ, ಏಕೆಂದರೆ ಸೋಸದ ಡೀಸೆಲ್ ಕಾಗದದ ಆಚೆ ಬದಿಗೇ ಸೇರಿಬಿಡಬಹುದು. ಖಾಲಿ ಕೂರಿಸಿ, ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆಯಿರಿ. ಕೈಪಂಪಿಲ್ಲದ ಗಾಡಿಯಾದರೆ ಕೈಪಿಡಿಯಲ್ಲಿ ಹೇಳಿದ ಕ್ರಮ ಅನುಸರಿಸಿ. ಹಳೆಯ ಟ್ರಾಕ್ಟರಿನ ಅಭ್ಯಾಸದಿಂದ ಇಂಜೆಕ್ಟರಿಗೆ ಹೋಗುವ ಪೈಪಿನ ನಟ್ಟನ್ನು ಸಡಿಲಿಸಿ ಗಾಳಿ ತೆಗೆಯಲು ಹೋಗಬೇಡಿ. ಕಾಮನ್ ರೈಲ್ ಗಾಡಿಯಲ್ಲಿ ಆ ಪೈಪಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಕ್ಕೆ ಹೋಗುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಕೈಯನ್ನೇ ಕಳೆದುಕೊಳ್ಳುವ ಅಪಾಯವಿದೆ.

ಆಯಿಲ್ ಫಿಲ್ಟರು ದೂರುವುದಿಲ್ಲ

ಡೀಸೆಲ್ ಫಿಲ್ಟರು ಕಟ್ಟಿದರೆ ಗಾಡಿ ಎಳೆಯುವುದಿಲ್ಲ, ನಿಮಗೆ ಗೊತ್ತಾಗುತ್ತದೆ. ಆಯಿಲ್ ಫಿಲ್ಟರು ಕಟ್ಟಿದರೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಆಯಿಲ್ ಇಲ್ಲದೆ ಬೇರಿಂಗು ಸುಟ್ಟುಹೋಗಬಾರದೆಂದು ಆಯಿಲ್ ಹಾದಿಯಲ್ಲಿ ಒಂದು ಅಡ್ಡದಾರಿಯ ವಾಲ್ವು ಇಟ್ಟಿರುತ್ತಾರೆ. ಕಾಗದ ಕಟ್ಟಿದೊಡನೆ ಅದು ತೆರೆದುಕೊಂಡು, ಸೋಸದ ಆಯಿಲ್ಲನ್ನೇ ಬೇರಿಂಗಿಗೆ ಕಳಿಸುತ್ತದೆ. ಗಾಡಿ ಎಂದಿನಂತೆ ಓಡುತ್ತದೆ, ಒಳಗೆ ಸವೆಯುತ್ತಿರುತ್ತದೆ. ಆದ್ದರಿಂದ ಇದಕ್ಕೆ ಲಕ್ಷಣ ಕಾಯದೆ ಕಿಲೋಮೀಟರಿನ ಲೆಕ್ಕವನ್ನೇ ನಂಬಬೇಕು. ಕಂಪನಿಯ ಕೈಪಿಡಿಯಲ್ಲಿ ಧೂಳು ಮತ್ತು ಭಾರದ ಬಳಕೆಗೆ ಬೇರೆ, ಕಡಿಮೆ ಅಂತರ ಕೊಟ್ಟಿದ್ದರೆ ಅದೇ ನಿಮ್ಮದು. ನಾಲೆ ಏರಿಯ ಮೇಲೆ, ಕಬ್ಬಿನ ಗದ್ದೆಯ ದಾರಿಯಲ್ಲಿ ಓಡುವ ಗಾಡಿಗೆ ಹೆದ್ದಾರಿಯ ಲೆಕ್ಕ ಹೊಂದುವುದಿಲ್ಲ.

ಆಯಿಲ್ ಕಪ್ಪಾಗಿದೆ ಎಂದು ಬದಲಿಸುವುದೂ, ಇನ್ನೂ ಕಪ್ಪಾಗಿಲ್ಲ ಎಂದು ಬಿಡುವುದೂ ತಪ್ಪು ಅಳತೆ. ಡೀಸೆಲ್ ಇಂಜಿನ್ನಿನಲ್ಲಿ ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಮಸಿ ಸೇರಿ ಕಪ್ಪಾಗುತ್ತದೆ. ಮಸಿಯನ್ನು ತಳಕ್ಕೆ ಬಿಡದೆ ತೇಲಿಸಿಕೊಂಡಿರುವುದು ಆಯಿಲ್ಲಿನ ಗುಣವೇ. ಗಮನಿಸಬೇಕಾದದ್ದು ಬೇರೆ. ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆ. ಅಳತೆ ಕಡ್ಡಿಯಲ್ಲಿ ಮಟ್ಟ ತಾನಾಗಿ ಏರಿದ್ದರೆ ಡೀಸೆಲ್ ಸೇರುತ್ತಿದೆ. ಎರಡರಲ್ಲೂ ಗಾಡಿ ಓಡಿಸದೆ ಮೆಕ್ಯಾನಿಕ್ಕನ್ನು ಕರೆಯಿಸಿ. 2020ರ ಏಪ್ರಿಲ್ 1ರ ನಂತರದ ಬಿ.ಎಸ್. 6 ಗಾಡಿಗಳಲ್ಲಿ ಹೊಗೆಕೊಳವೆಯಲ್ಲಿಯೂ ಮಸಿ ಹಿಡಿಯುವ ಫಿಲ್ಟರು ಇರುವುದು ಸಾಮಾನ್ಯ. ಅಂಥ ಗಾಡಿಗೆ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲ್ಲನ್ನೇ ಹಾಕಬೇಕು. ಟ್ರಾಕ್ಟರಿಗೆ ತಂದು ಉಳಿದದ್ದು ಬೇಡ.

ಬದಲಿಸುವಾಗ ಇಂಜಿನ್ ಬೆಚ್ಚಗಿರಲಿ, ಮಸಿ ಆಯಿಲ್ಲಿನೊಡನೆ ಇಳಿದುಬರುತ್ತದೆ. ಹಳೆಯ ಫಿಲ್ಟರಿನ ರಬ್ಬರು ವಾಷರು ಇಂಜಿನ್ನಿಗೇ ಅಂಟಿ ಉಳಿದಿದೆಯೇ ಎಂದು ಬೆರಳಾಡಿಸಿ ನೋಡಿ. ಅದರ ಮೇಲೆಯೇ ಹೊಸದನ್ನು ಕೂರಿಸಿದರೆ ದಾರಿಯಲ್ಲಿ ಆಯಿಲ್ಲೆಲ್ಲ ಸೋರಿಹೋಗುತ್ತದೆ. ಹೊಸ ವಾಷರಿಗೆ ಆಯಿಲ್ ಸವರಿ, ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿ ಮಾಡಿದರೆ ಸಾಕು. ಅಂದಿನ ತಾರೀಖು ಮತ್ತು ಕಿಲೋಮೀಟರನ್ನು ಫಿಲ್ಟರಿನ ಮೈಮೇಲೆ ಬರೆದಿಡಿ. ಹಳೆಯ ಆಯಿಲ್ಲನ್ನು ನಾಲೆಗಾಗಲಿ ಬದುವಿಗಾಗಲಿ ಸುರಿಯದೆ, ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹಳೆ ಆಯಿಲ್ ಕೊಳ್ಳುವ ವರ್ಕ್‌ಶಾಪಿಗೆ ಕೊಡಿ.