ಗೆರೆಗೆ ಎಷ್ಟು ತುದಿ?

ಅಳತೆಪಟ್ಟಿಯನ್ನಿಟ್ಟು ಎಳೆದ ಯಾವ ಗೆರೆಯನ್ನಾದರೂ ನಾವು ‘ಸರಳರೇಖೆ’ ಎಂದುಬಿಡುತ್ತೇವೆ. ನಿಜವಾಗಿ ನಾವು ಎಳೆದದ್ದು ಎರಡು ತುದಿಗಳುಳ್ಳ ಒಂದು ತುಂಡು, ಅದು ರೇಖಾಖಂಡ. ಯೂಕ್ಲಿಡನೂ ಸಾಮಾನ್ಯವಾಗಿ ಇಂಥ ತುಂಡನ್ನೇ ಸರಳರೇಖೆಯೆಂದು ಕರೆದು, ಬೇಕಾದಾಗ ಅದನ್ನು ಮುಂದಕ್ಕೆ ಬೆಳೆಸಲು ತನ್ನ ಎರಡನೆಯ ಆಧಾರ ಪ್ರತಿಜ್ಞೆಯಲ್ಲಿ ಅನುಮತಿ ಪಡೆದುಕೊಂಡನು. ಈಗ ನಾವು ಖಂಡ, ಕಿರಣ, ರೇಖೆ ಎಂದು ಮೂರು ಹೆಸರುಗಳನ್ನಿಟ್ಟಿದ್ದೇವೆ. ಮೂರು ಏಕೆ ಬೇಕೆಂಬುದು ಕಪ್ಪುಹಲಗೆಗಿಂತ ಭೂಮಾಪನದ ಬಯಲಿನಲ್ಲಿ ಚೆನ್ನಾಗಿ ತಿಳಿಯುತ್ತದೆ.

1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸುಮಾರು 7.4 ಮೈಲಿ ಉದ್ದದ ಆಧಾರರೇಖೆಯೊಂದನ್ನು ಉಕ್ಕಿನ ಸರಪಳಿಯಿಂದ ಅಳೆದನು. ಅದರ ತುದಿಗಳನ್ನು ಅ, ಬ ಎನ್ನೋಣ. ಹೆಸರು ‘ರೇಖೆ’ಯಾದರೂ ಇದು ಖಂಡವೇ, ಇದಕ್ಕೆ ಉದ್ದವುಂಟು. ಅಬ ಎಂದರೂ ಬಅ ಎಂದರೂ ಒಂದೇ. ಅಕ್ಷರಗಳ ಮೇಲೆ ಬರಿಯ ಅಡ್ಡಗೆರೆಯನ್ನೆಳೆದು ಇದನ್ನು ಸೂಚಿಸುತ್ತೇವೆ.

ಇನ್ನು ದೂರದ ಬೆಟ್ಟವೊಂದರ ನೆತ್ತಿಯಲ್ಲಿ ಕ ಎಂಬ ಗುರುತಿದೆಯೆಂದು ಭಾವಿಸೋಣ. ಅಲ್ಲಿಯವರೆಗೆ ಸರಪಳಿ ಹಾಸಲಾಗದು. ಅಳೆಯುವವನು ಅ ಬಿಂದುವಿನಲ್ಲಿ ಥಿಯೊಡೊಲೈಟ್ ಯಂತ್ರವನ್ನು ನಿಲ್ಲಿಸಿ ಬೆಟ್ಟದ ಕಡೆಗೆ ದೃಷ್ಟಿಯಿಡುತ್ತಾನೆ. ಅ ಬಿಂದುವಿನಲ್ಲಿ ಹೊರಟು, ಕ ಬಿಂದುವನ್ನು ಹಾದು, ಕೊನೆಯಿಲ್ಲದೆ ಸಾಗುವ ಆ ನೋಟದ ಹಾದಿಯೇ ಕಿರಣ ಅಕ. ಅದಕ್ಕೆ ದಿಕ್ಕುಂಟು, ಉದ್ದದ ಅಳತೆಯಿಲ್ಲ. ಅಕ್ಷರಗಳ ಮೇಲೆ ಒಂದೇ ಕಡೆಗೆ ಬಾಣವಿರುತ್ತದೆ. ಇಲ್ಲಿ ಕ್ರಮ ತಪ್ಪಿದರೆ ಅರ್ಥವೇ ಕೆಡುತ್ತದೆ. ಕಿರಣ ಕಅ ಎಂದರೆ ನೋಡುವವನು ಬೆಟ್ಟವನ್ನೇರಿ ಇತ್ತ ತಿರುಗಿದಂತೆ! ಮೊದಲ ಅಕ್ಷರ ಉಗಮಬಿಂದುವಿಗೆ ಮೀಸಲು. ಎರಡನೆಯದರ ಸ್ಥಾನದಲ್ಲಿ ಅದೇ ಕಿರಣದ ಮೇಲಿನ ಬೇರೆ ಯಾವ ಬಿಂದುವನ್ನಿಟ್ಟರೂ ಕಿರಣ ಬದಲಾಗದು. ಕೋನವೆಂಬುದು ಅಬ, ಅಕ ಎಂಬ ಎರಡು ಕಿರಣಗಳ ನಡುವಣ ತಿರುವು. ತೋಳುಗಳನ್ನು ಉದ್ದವಾಗಿ ಎಳೆದರೆ ಕೋನ ದೊಡ್ಡದಾಗುವುದೆಂದು ನಂಬುವ ವಿದ್ಯಾರ್ಥಿ ಕಿರಣವನ್ನು ಖಂಡವೆಂದು ತಿಳಿದು ಮೋಸಹೋಗಿರುತ್ತಾನೆ.

ಬ ಬಿಂದುವಿನಿಂದಲೂ ಹೀಗೆಯೇ ನೋಡಿದರೆ, ಎರಡು ಕಿರಣಗಳು ಕೂಡುವ ಒಂದೇ ಬಿಂದು ಕ. ಅ ಕೋನ 70°, ಬ ಕೋನ 65° ಇರಲಿ; ಲೆಕ್ಕ ಹಾಕಿದರೆ ಬೆಟ್ಟವು ಅ ಬಿಂದುವಿಗೆ ಸುಮಾರು 9.5 ಮೈಲಿ. (ಭೂಮಿಯ ದುಂಡನ್ನು ಮಾಪಕರು ಮರೆಯುವಂತಿಲ್ಲ, ನಾವು ಸದ್ಯಕ್ಕೆ ಮರೆಯೋಣ.)

ಮಾಪಕನು ಕೈತಪ್ಪಿ ಕೋನವನ್ನು ಮತ್ತೊಂದು ಪಕ್ಕದಿಂದ ಓದಿ, 65ರ ಬದಲು 115 ಎಂದು ಬರೆದನೆನ್ನಿ. ಮೊತ್ತ 185° ಆಯಿತು. ಈಗ ಕಿರಣಗಳು ಎಷ್ಟು ದೂರ ಹೋದರೂ ಕೂಡವು. ಆದರೆ ಅವುಗಳನ್ನು ಹಿಂದಕ್ಕೂ ಬೆಳೆಸಿ, ಎರಡು ಕಡೆಯೂ ಕೊನೆಯಿಲ್ಲದ ಸರಳರೇಖೆಗಳನ್ನಾಗಿ ಮಾಡಿದರೆ, ಅವು ಕೂಡಿಯೇ ಕೂಡುತ್ತವೆ: ಬೆಟ್ಟಕ್ಕೆ ಬೆನ್ನು ಹಾಕಿ, ಆಧಾರರೇಖೆಯ ಇನ್ನೊಂದು ಕಡೆಯಲ್ಲಿ, ಅ ಬಿಂದುವಿನಿಂದ ಸುಮಾರು 77 ಮೈಲಿಯಾಚೆ! ರೇಖೆಗೆ ಅದರ ಮೇಲಿನ ಯಾವ ಎರಡು ಬಿಂದುಗಳಿಂದಾದರೂ, ಯಾವ ಕ್ರಮದಲ್ಲಾದರೂ ಹೆಸರಿಡಬಹುದು. ಅದರ ಬಾಣಕ್ಕೆ ಎರಡು ಮೊನೆ. ಸೂತ್ರವು ರೇಖೆಗಳ ಉತ್ತರವನ್ನು ಕೊಡುತ್ತದೆ. ಬೆಟ್ಟವಿರುವುದು ಕಿರಣದ ಮೇಲೆ.

ಯಾವ ಕಡೆಯ ಒಳಕೋನಗಳ ಮೊತ್ತ ಎರಡು ಲಂಬಕೋನಗಳಿಗಿಂತ ಕಡಿಮೆಯೋ ಆ ಕಡೆಯಲ್ಲಿ ರೇಖೆಗಳು ಕೂಡುವುವೆಂಬುದೇ ಯೂಕ್ಲಿಡನ ಐದನೆಯ ಆಧಾರ ಪ್ರತಿಜ್ಞೆ. ಮೊತ್ತವು ಸರಿಯಾಗಿ 180° ಆದರೆ ಏನಾಗುವುದೆಂಬುದನ್ನು ವಾಚಕರೇ ಚಿತ್ರ ಬರೆದು ನೋಡಬಹುದು.