ನೂರಕ್ಕೆ ಹನ್ನೆರಡೋ, ನಾಲ್ಕೋ?

ಪ್ರಶ್ನೆ: ಸಕ್ಕರೆ ಕಾಯಿಲೆಯಿಂದ ಕಣ್ಣಿನ ರೆಟಿನಾ ಕೆಡುವುದು ನಮ್ಮ ದೇಶದಲ್ಲಿ ನೂರಕ್ಕೆ 12 ಮಂದಿಗೆ ಎಂದು ಒಂದು ಕಡೆ ಓದಿದೆ, 4 ಮಂದಿಗೆ ಎಂದು ಇನ್ನೊಂದು ಕಡೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಬಹುದು. ತಾವು ಕೇಳಿದ್ದು ಒಳ್ಳೆಯದಾಯಿತು, ಈ ಗೊಂದಲ ಅನೇಕರಿಗಿದೆ. ಈ ಎರಡೂ ಅಂಕಿ ‘ಸ್ಮಾರ್ಟ್ ಇಂಡಿಯಾ’ ಎಂಬ ಒಂದೇ ಅಧ್ಯಯನದವು. 10 ರಾಜ್ಯಗಳು ಮತ್ತು ಒಂದು ಕೇಂದ್ರಾಡಳಿತ ಪ್ರದೇಶದಲ್ಲಿ ನಡೆದ ಇದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು.

ಮೊದಲು, ಈ ‘ನೂರು’ ಯಾರು ಎಂದು ನೋಡೋಣ. ಇವರು ಊರಿನ ಎಲ್ಲ ಜನರಲ್ಲ. ಸಕ್ಕರೆ ಕಾಯಿಲೆಯಿರುವ, 40 ವರ್ಷ ದಾಟಿದವರು.

ಇವರಲ್ಲಿ ಶೇ. 12.5ರಷ್ಟು ಮಂದಿಯ ರೆಟಿನಾದಲ್ಲಿ ಕಾಯಿಲೆಯ ಗುರುತು ಕಂಡಿತು. ಸೂಕ್ಷ್ಮ ರಕ್ತನಾಳಗಳು ಅಲ್ಲಲ್ಲಿ ಉಬ್ಬುವುದು, ರಕ್ತದ ಚುಕ್ಕೆ ಕಾಣುವುದು ಇದರ ಆರಂಭ. ಮೊದಲು ಹೇಳಿದ ಅದೇ ನೂರು ಮಂದಿಯಲ್ಲಿ 4 ಮಂದಿಗೆ ಈ ಕಾಯಿಲೆ ದೃಷ್ಟಿಗೇ ಅಪಾಯ ತರುವ ಹಂತ ಮುಟ್ಟಿತ್ತು. ಹೊಸದಾಗಿ ಹುಟ್ಟಿದ ದುರ್ಬಲ ನಾಳಗಳು ಒಡೆಯುವುದು, ರೆಟಿನಾದ ನಡುಭಾಗವಾದ ಮ್ಯಾಕುಲಾ ಬಾತುಕೊಳ್ಳುವುದು ಈ ಹಂತದ ಲಕ್ಷಣ. ಆದ್ದರಿಂದ 12.5ಕ್ಕೆ 4ನ್ನು ಕೂಡಿಸಬಾರದು. ನಾಲ್ಕು ಅದರಲ್ಲೇ ಸೇರಿದೆ.

ಇಲ್ಲೊಂದು ತಪ್ಪು ತಿಳಿವಳಿಕೆಯಾಗುವ ಸಂಭವವಿದೆ. ಈ ನಾಲ್ವರೂ ಕುರುಡರಾಗಿದ್ದಾರೆ ಎಂದರ್ಥವಲ್ಲ. ಇಂದು ಪತ್ರಿಕೆಯನ್ನು ಸಲೀಸಾಗಿ ಓದುವವರೂ ಇವರಲ್ಲಿರಬಹುದು. ಸಕಾಲಕ್ಕೆ ಲೇಸರ್ ಅಥವಾ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಸಿಕ್ಕರೆ ಹೆಚ್ಚಿನವರ ದೃಷ್ಟಿ ಉಳಿಸಿಕೊಳ್ಳಬಹುದು.

ಬೇರೆ ಸಮೀಕ್ಷೆಗಳ ಅಂಕಿ ಬೇರೆ ಇರುತ್ತದೆ. 2015–19ರ ರಾಷ್ಟ್ರೀಯ ಸಮೀಕ್ಷೆ 50 ದಾಟಿದ ಸಕ್ಕರೆ ಕಾಯಿಲೆಯವರನ್ನು ನೋಡಿತ್ತು. ಅಲ್ಲಿ ರೆಟಿನಾ ಕಾಯಿಲೆ ಸಿಕ್ಕಿದ್ದು ಶೇ. 16.9ರಷ್ಟು ಮಂದಿಗೆ, ದೃಷ್ಟಿಗೆ ಅಪಾಯದ ಹಂತ ಶೇ. 3.6ರಷ್ಟು ಮಂದಿಗೆ. ವಯಸ್ಸು, ಕಾಯಿಲೆ ಬಂದು ಎಷ್ಟು ವರ್ಷವಾಯಿತು, ಕಣ್ಣನ್ನು ಹೇಗೆ ಪರೀಕ್ಷಿಸಿದರು ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ.

ನಾಲ್ಕು ಸಣ್ಣ ಸಂಖ್ಯೆ ಎನಿಸಬಹುದು. ಆದರೆ ನಮ್ಮಲ್ಲಿ ಸಕ್ಕರೆ ಕಾಯಿಲೆಯವರೇ ಕೋಟಿಗಟ್ಟಲೆ ಇರುವುದರಿಂದ, 40 ದಾಟಿದವರಲ್ಲೇ ಸುಮಾರು 30 ಲಕ್ಷ ಮಂದಿ ಈ ಅಪಾಯದಲ್ಲಿದ್ದಾರೆಂದು ಅದೇ ಅಧ್ಯಯನ ಅಂದಾಜಿಸಿದೆ.

ಕೊನೆಯದಾಗಿ, ಇದು ಸಮುದಾಯದ ಲೆಕ್ಕ, ತಮ್ಮೊಬ್ಬರ ಭವಿಷ್ಯವಲ್ಲ. ಕಾಯಿಲೆ ಹಳೆಯದಾದಷ್ಟೂ, ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿ ತಪ್ಪಿದಷ್ಟೂ ಅಪಾಯ ಹೆಚ್ಚು. ತಮ್ಮ ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆಯಿದ್ದರೆ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಿ. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸಿ ನಂಬರ್ ನೋಡುವ ಪರೀಕ್ಷೆ ಇದಕ್ಕೆ ಸಾಲದು.