ಅಬೈಡ್ ಆದ ಮೇಲೆ ಬೈ ಯಾಕೆ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಸಂಜೆ ಹೊತ್ತು ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತ ಬಂದಿದ್ದೇನೆ. ಅವರನ್ನು ಹೆಚ್ಚು ಕಾಡುವುದು 'ಪಾಲಿಸು' ಎಂಬ ಅರ್ಥದ ಕ್ರಿಯಾಪದಗಳು. ಅಬೈಡ್‌ಗೆ ಬೈ, ಅಡ್ಹಿಯರ್‌ಗೆ ಟು, ಕಂಪ್ಲೈಗೆ ವಿತ್, ಒಬೇಗೆ ಏನೂ ಬೇಡ. ಗೈಡುಗಳು ಇದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತವೆ. ಪರೀಕ್ಷೆ ಮುಗಿದ ವಾರಕ್ಕೆ ಅಳಿಸಿಹೋಗುತ್ತದೆ.

ಬರಬರುತ್ತ ನಾನು ಬಾಯಿಪಾಠ ಬಿಡಿಸಿ, 'ಈ ಕಟ್ಟು ಹಾಕಿದವರು ಯಾರು?' ಎಂದು ಕೇಳತೊಡಗಿದೆ. ಅಪ್ಪಣೆ ಕೊಡುವವರು ಎದುರಿಗಿದ್ದರೆ ಒಬೇ. ಅದರ ಲ್ಯಾಟಿನ್ ಬೇರಿನಲ್ಲಿ ಕೇಳಿಸಿಕೊಳ್ಳುವ ಅರ್ಥವಿದೆ. 'ಹುಡುಗ ಮಾತು ಕೇಳ್ತಾನೆ' ಎನ್ನುವ ನಮಗೆ ಅದನ್ನು ವಿವರಿಸುವುದೇ ಬೇಡ. ಪ್ರಾಮಿಸ್ಸನ್ನು ಮಾತ್ರ ಯಾರೂ ಒಬೇ ಮಾಡುವುದಿಲ್ಲ, ಕೀಪ್ ಮಾಡುತ್ತಾರೆ. ಅದು ನಾವೇ ಹಾಕಿಕೊಂಡ ಕಟ್ಟು. ಇನ್ನು ಯಾರೋ ಬಂದು ತಪಾಸಣೆ ಮಾಡಿ ಟಿಕ್ ಹಾಕುವಂಥದ್ದು ಕಂಪ್ಲೈ: ಜಿಎಸ್‌ಟಿ, ಅಗ್ನಿಸುರಕ್ಷೆ. ಅಲ್ಲಿ ಮನಸ್ಸು ಒಪ್ಪಬೇಕೆಂದೇನಿಲ್ಲ, ಕಾಗದ ಸರಿಯಿದ್ದರೆ ಆಯಿತು. ಅಬೈಡ್ ಹಾಗಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಕಾಯುವುದು, ಇದ್ದಲ್ಲೇ ಉಳಿಯುವುದು ಎಂದರ್ಥ. ಅಂಪೈರ್ ಎತ್ತಿದ ಬೆರಳು ತಪ್ಪೆನಿಸಿದರೂ ಬ್ಯಾಟು ಕಂಕುಳಲ್ಲಿಟ್ಟು ಪೆವಿಲಿಯನ್ ಕಡೆ ನಡೆಯುವವನು ಅಬೈಡ್ ಬೈ.

ಪಾಠಕ್ಕೆ ನನಗೆ ಸಿಕ್ಕ ಒಳ್ಳೆಯ ಪುಟ ಸಂವಿಧಾನದ್ದು. 1976ರಲ್ಲಿ 42ನೇ ತಿದ್ದುಪಡಿ ಸೇರಿಸಿದ 51ಎ ವಿಧಿಯ ಇಂಗ್ಲಿಷ್ ಪಠ್ಯದಲ್ಲಿ ಮೊದಲ ಮೂರು ಕರ್ತವ್ಯಗಳಿಗೆ ಬೇರೆ ಬೇರೆ ಕ್ರಿಯಾಪದಗಳಿವೆ. ಸಂವಿಧಾನಕ್ಕೆ ಅಬೈಡ್ ಬೈ, ಸ್ವಾತಂತ್ರ್ಯ ಹೋರಾಟದ ಆದರ್ಶಗಳಿಗೆ ಚೆರಿಷ್ ಜೊತೆಗೆ ಫಾಲೋ, ಸಾರ್ವಭೌಮತ್ವಕ್ಕೆ ಅಪ್‌ಹೋಲ್ಡ್. ಅದಲುಬದಲು ಮಾಡಿ ಓದಿಸುತ್ತೇನೆ. ಆದರ್ಶಗಳಿಗೆ ಕಂಪ್ಲೈ ಎಂದೊಡನೆ ತರಗತಿ ನಗುತ್ತದೆ: ಯಾವ ಇನ್‌ಸ್ಪೆಕ್ಟರ್ ಬಂದು ನೋಡುತ್ತಾನೆ ಸಾರ್?

ಮನುಷ್ಯರ ವಿಷಯಕ್ಕೆ ಬಂದರೆ ಪ್ಲಾನಿಗೆ ಸ್ಟಿಕ್ ಟು, ಗೆಳೆಯನಿಗೆ ಸ್ಟಿಕ್ ಬೈ. ಸ್ಟ್ಯಾಂಡ್ ಬೈ ಕೂಡ ಕಷ್ಟಕಾಲಕ್ಕೆ ಜೊತೆ ನಿಲ್ಲುವುದೇ, ಆದರೆ ಏನೂ ಮಾಡದೆ ನೋಡುತ್ತ ನಿಂತವರನ್ನೂ ಇಂಗ್ಲಿಷರು ಸ್ಟುಡ್ ಬೈ ಎನ್ನುತ್ತಾರೆ. ಇಂಥಲ್ಲಿ ಯಾವ ಸೂತ್ರವೂ ಕೆಲಸಕ್ಕೆ ಬಾರದು, ವಾಕ್ಯ ಪೂರ್ತಿ ಓದಬೇಕು.

ಆನರ್ ಎಂಬ ಕ್ರಿಯಾಪದ ಚೆಕ್ ಪುಸ್ತಕದಿಂದ ಸುಲಭವಾಗಿ ಹತ್ತುತ್ತದೆ. ನಾವು ಬೌನ್ಸ್ ಎನ್ನುವುದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನಿನಲ್ಲಿ ಡಿಸ್‌ಆನರ್. ಬರೆದುಕೊಟ್ಟ ಮಾತಿಗೆ ತಪ್ಪಿದ್ದೆಂದರೆ ಮರ್ಯಾದೆ ಕಳೆದದ್ದೇ. ಇದನ್ನು ಹೇಳಿದ ದಿನ, ಚೀಟಿ ಕಂತು ಕಟ್ಟುವುದಕ್ಕೆ ಯಾವ ಕ್ರಿಯಾಪದ ಹಾಕುತ್ತೀರಿ ಎಂದು ಕೇಳಿದೆ. ಹುಡುಗರೆಲ್ಲ ಕಂಪ್ಲೈ ಎಂದರು. ಆನರ್ ಎಂದು ಪಟ್ಟು ಹಿಡಿದವಳು, ಮನೆಯಲ್ಲಿ ಚೀಟಿ ನಡೆಸುವ ತಾಯಿಯ ಲೆಕ್ಕ ಬರೆಯುವ ಹುಡುಗಿ.